ಮಾವನ ಗಂಟೆ

ಆ ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಬೇರೆ. ಹುಬ್ಬಳ್ಳಿಯ ಆ ಕೇಂದ್ರದಲ್ಲಿ ಮಾತ್ರ ಅದರ ಗಂಟೆಗೆ ಎಲ್ಲರೂ ‘ಮಾವನ ಗಂಟೆ’ ಅನ್ನುತ್ತಿದ್ದರು. ಹೆಸರಿಟ್ಟವನು ದಾದಾಪೀರ. ಇಟ್ಟ ಮೇಲೆ ಅದು ಬಿಳಿ ಅಂಗಿಗೆ ಹತ್ತಿದ ಅರಿಸಿನದ ಕಲೆಯಂತೆ ಹೋಗಲೇ ಇಲ್ಲ.

ಮಕ್ಕಳಾಗದವರು ಬರುವ ಕೇಂದ್ರ ಅದು. ಕೆಳಗೆ ವೈದ್ಯರು, ಮೇಲಿನ ಮಹಡಿಯಲ್ಲಿ ಪ್ರಯೋಗಾಲಯ. ಹೆಂಡತಿಯ ಅಂಡವನ್ನೂ ಗಂಡನ ವೀರ್ಯವನ್ನೂ ಪುಟ್ಟ ತಟ್ಟೆಯೊಂದರಲ್ಲಿ ಕೂಡಿಸಿ, ಐದು ದಿನ ಬೆಚ್ಚಗೆ ಕಾಯ್ದು, ಬೆಳೆದ ಭ್ರೂಣವನ್ನು ತಾಯಿಯ ಗರ್ಭಕ್ಕೆ ಒಪ್ಪಿಸುವುದು ಅಲ್ಲಿಯ ಕೆಲಸ. ವಿನುತಾ ಅಲ್ಲಿ ಭ್ರೂಣತಜ್ಞೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಅದೇ ಸೂಕ್ಷ್ಮದರ್ಶಕದ ಮುಂದೆ ಬಾಗಿ ಬಾಗಿ ಕುತ್ತಿಗೆ ಸವೆಸಿಕೊಂಡವಳು.

ಒಬ್ಬರದು ಇನ್ನೊಬ್ಬರಿಗೆ ಹೋಗಬಾರದು. ಇಡೀ ಕೆಲಸದ ಜೀವ ಇರುವುದು ಅದರಲ್ಲಿ. ಮೊದಲೆಲ್ಲ ಇಬ್ಬರು ಪಕ್ಕಪಕ್ಕ ನಿಂತು, ತಟ್ಟೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಸಹಿ ಹಾಕುತ್ತಿದ್ದರು. ಆದರೆ ದಣಿದ ಕಣ್ಣು ತಾನು ಓದಬೇಕೆಂದುಕೊಂಡದ್ದನ್ನೇ ಓದುತ್ತದೆ. ಆಮೇಲೆ ಪ್ರತಿ ತಟ್ಟೆಯ, ಪ್ರತಿ ನಳಿಕೆಯ ತಳಕ್ಕೆ ಅಕ್ಕಿಕಾಳಿನಷ್ಟು ಚಿಪ್ ಬಂತು. ಎರಡು ಬೇರೆ ಜೋಡಿಗಳ ಚಿಪ್ ಒಂದೇ ಮೇಜಿನ ಮೇಲೆ ಬಂದರೆ ಮೇಜು ಕೆಂಪಾಗಿ ಕೆಲಸ ನಿಲ್ಲಿಸಿಬಿಡುತ್ತಿತ್ತು. ಈಗಿನ ಮೇಜು, ಅದೇ ಆ ಯಂತ್ರ, ಅದಕ್ಕಿಂತ ಮುಂದೆ ಹೋಗಿ ಚಿಪ್‌ನ ಜೊತೆಗೆ ದ್ರವವನ್ನೂ ಓದುತ್ತಿತ್ತು. ಎರಡು ಪಾತ್ರೆಗಳ ದ್ರವದಲ್ಲಿ ತೇಲುವ ಡಿಎನ್ಎ ಚೂರುಗಳನ್ನು ಹೋಲಿಸಿ ನೋಡುತ್ತಿತ್ತು. ಅವು ಒಂದನ್ನೊಂದು ಮಿತಿ ಮೀರಿ ಹೋಲಿದರೆ, ಒಬ್ಬರದೇ ದ್ರವ ಎರಡಕ್ಕೂ ಬಿದ್ದಿದೆ ಅಥವಾ ಒಂದರ ಹನಿ ಇನ್ನೊಂದಕ್ಕೆ ತಾಗಿದೆ ಎಂದು ಅನುಮಾನಪಟ್ಟು ಗಂಟೆ ಬಾರಿಸುತ್ತಿತ್ತು. ಓದಿದ್ದನ್ನು ಇಟ್ಟುಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ. ಮೇಜು ಒರೆಸಿದಾಗ ಅದರ ನೆನಪೂ ಒರೆಸಿ ಹೋಗುತ್ತಿತ್ತು.

ಯಂತ್ರ ಮಾಡಿದವರ ದೇಶದಲ್ಲಿ ಸೋದರಮಾವನನ್ನು ಮದುವೆಯಾಗುವ ರೂಢಿ ಇರಲಿಲ್ಲ. ಹಾಗೊಂದು ರೂಢಿ ಇರಬಹುದೆಂದು ಅವರಿಗೆ ಹೊಳೆದೂ ಇರಲಿಲ್ಲ. ಹುಬ್ಬಳ್ಳಿಗೆ ಬಂದ ಮೊದಲ ವಾರವೇ ಮೇಜು ಬಾಯಿ ಬಡಿದುಕೊಳ್ಳತೊಡಗಿತು. ಸೋದರತ್ತೆಯ ಮಗನ ಜೋಡಿಗೆ ಒಮ್ಮೊಮ್ಮೆ, ಸೋದರಮಾವನ ಜೋಡಿಗೆ ತಪ್ಪದೆ. ಬಾರಿಸಿದ ಮೇಲೆ ತನ್ನಷ್ಟಕ್ಕೆ ಬೀಗ ಹಾಕಿಕೊಂಡು ಎಲ್ಲವನ್ನೂ ಇನ್ನೊಮ್ಮೆ ಓದುತ್ತಿತ್ತು. ಅಷ್ಟು ಹೊತ್ತು ಯಾರೂ ಏನೂ ಮಾಡುವಂತಿರಲಿಲ್ಲ. ದಾದಾಪೀರ ಪಕ್ಕದ ಕೋಣೆಯಲ್ಲಿ ಕೆಟಲ್ ಹಚ್ಚುತ್ತಿದ್ದ. “ಮಾವ ಬಂದಾನ, ಬರಿಗೈಲೆ ಕಳಸಾಕ ಆಗತೈತೇನ್ರಿ? ಚಾ ಇಡೋಣು.” ಹೀಗೆ ಗಂಟೆಯೆಂದರೆ ಚಹಾ ಎಂದಾಯಿತು. ಕುಡಿದು ಬಂದು, ‘ರಕ್ತಸಂಬಂಧ’ ಎಂಬ ಗುಂಡಿ ಒತ್ತಿ, ಕೆಲಸ ಮುಂದುವರಿಸುತ್ತಿದ್ದರು.

ಕಸ್ತೂರಿಯ ಸರದಿ ಬಂದದ್ದು ಒಂದು ಸೋಮವಾರ.

ಅಣ್ಣಿಗೇರಿಯಲ್ಲಿ ಖಾನಾವಳಿ ನಡೆಸುವ ಬಸಲಿಂಗನ ಹೆಂಡತಿ ಅವಳು. ಮದುವೆಯಾಗಿ ಒಂಬತ್ತು ವರ್ಷ. ಬೇರೆ ಊರಲ್ಲಿ ಎರಡು ಸಲ ಮಾಡಿಸಿ ಎರಡೂ ಸಲ ಬರಿಗೈಯಲ್ಲಿ ಬಂದಿದ್ದರು. ಅಂಡಾಶಯ ಬತ್ತುತ್ತಿದೆ, ಇದೇ ಕೊನೆಯದು ಎಂದು ಕೇಂದ್ರದ ಮುಖ್ಯಸ್ಥೆ ಡಾ. ಉಮಾ ಪಟ್ಟಣಶೆಟ್ಟಿ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಎಷ್ಟು ಚಿಪ್ ಬಂದರೂ ಉಮಾ ಮೇಡಂ ಒಂದು ಹಳೆಯ ಪದ್ಧತಿಯನ್ನು ಬಿಟ್ಟಿರಲಿಲ್ಲ. ಶಸ್ತ್ರಕೊಠಡಿಗೂ ಪ್ರಯೋಗಾಲಯಕ್ಕೂ ನಡುವಿನ ಪುಟ್ಟ ಕಿಟಕಿಯ ಎದುರು ಹೆಣ್ಣುಮಗಳು ತನ್ನ ಬಾಯಿಂದ ಮೂರು ಹೆಸರು ಹೇಳಬೇಕು: ತನ್ನದು, ಗಂಡನದು, ತಾಯಿಯದು. ಈ ಸೀಮೆಯಲ್ಲಿ ಒಂದೇ ದಿನ ಇಬ್ಬರು ಮಂಜುಳಾ ಬರುತ್ತಾರೆ, ಇಬ್ಬರ ಗಂಡಂದಿರೂ ಬಸವರಾಜರೇ ಆಗಿರುತ್ತಾರೆ. ತಾಯಿಯ ಹೆಸರು ಸೇರಿದರೆ ಮಾತ್ರ ಬೇರೆಯಾಗುತ್ತಾರೆ.

“ಹೆಸರು ಹೇಳ್ರಿ,” ವಿನುತಾ ಕಿಟಕಿಯಿಂದ ಕೇಳಿದಳು.

“ಕಸ್ತೂರಿ.”

“ಗಂಡನ ಹೆಸರು?”

ಕಸ್ತೂರಿ ಮುಖ ಆಚೆ ತಿರುಗಿಸಿ ನಕ್ಕಳು. “ನಮ್ಮವ್ವನ ಹೆಸರು ಮೊದಲ ಹೇಳ್ತೀನ್ರಿ. ಗುರವ್ವ.”

“ಗಂಡಂದು ಹೇಳವಾ,” ನರ್ಸು ಗದರಿದಳು. “ಇಲ್ಲೇನ ನಿನ್ನ ಹಿರ್‍ಯಾರು ಕುಂತಾರೇನು?”

“ಬಸಲಿಂಗ,” ಎಂದಳು ಕಸ್ತೂರಿ, ಉಪ್ಪು ಸಾಲ ಕೇಳುವವಳ ದನಿಯಲ್ಲಿ.

ಅಂಡಗಳು ಬಂದವು. ವಿನುತಾ ತಟ್ಟೆಯನ್ನೂ ವೀರ್ಯದ ನಳಿಕೆಯನ್ನೂ ಮೇಜಿನ ಮೇಲಿಟ್ಟಳು. ಬಾಗಿಲಲ್ಲಿ ದಾದಾಪೀರ ತಲೆ ಹಾಕಿದ. ಗಂಡಂದಿರಿಂದ ಮಾದರಿ ತೆಗೆದುಕೊಂಡು, ಚಿಪ್ ಹಚ್ಚಿ, ತೊಳೆದು ಸಿದ್ಧಮಾಡುವ ಕೆಲಸ ಅವನದು.

“ಅಕ್ಕಾರ, ಮಾವ ಬರ್ತಾನೇನ್ರಿ? ಕೆಟಲ್ ಹಚ್ಚಲೇನು?”

“ಸಂಬಂಧ ಇಲ್ಲ ಅಂತ ಬರಸ್ಯಾರ.”

ಮೇಜು ಓದಿತು. ಹಸಿರಾಯಿತು. ಗಂಟೆ ಬಾರಿಸಲಿಲ್ಲ.

“ಹೋತು ಬಿಡ್ರಿ ಚಾ,” ಎಂದು ದಾದಾಪೀರ ತಲೆ ಹಿಂದಕ್ಕೆಳೆದುಕೊಂಡ. ವಿನುತಾಳಿಗೆ ಹಗುರವೇ ಆಯಿತು. ಅಂದು ಇನ್ನೂ ನಾಲ್ಕು ಜೋಡಿಗಳಿದ್ದವು, ಬೇಗ ಮುಗಿದರೆ ಸಾಕಿತ್ತು.

ಮನೆ ನವನಗರದಲ್ಲಿ. ಅತ್ತೆ ಶಾಂತಾಬಾಯಿ, ಸೊಸೆ ವಿನುತಾ, ಇಬ್ಬರೇ. ನಡುವಿನವನು, ವಿನುತಾಳ ಗಂಡ ಸಂಜೀವ, ಹೋಗಿ ಎರಡು ವರ್ಷವಾಗಿತ್ತು. ಗದಗ ರಸ್ತೆಯಲ್ಲಿ ಲಾರಿ. ಹೆಣದ ಗುರುತು ಹಿಡಿಯಲು ಕರೆಸಿದ್ದರು. ಕಾಲ್ಬೆರಳಿಗೆ ಕಟ್ಟಿದ ಚೀಟಿಯಲ್ಲಿ ಬೇರೆ ಯಾರದೋ ಹೆಸರಿತ್ತು. ವಿನುತಾ ಹೇಳಿ ತಿದ್ದಿಸಿದಳು. ತಿದ್ದಿಸಿದ ಮೇಲೆ ಅವನೇ ಎಂದಾಯಿತು. ಅವಳು ಆಗ ಅಳಲಿಲ್ಲ, ಆಮೇಲೆಯೂ ಅಳಲಿಲ್ಲ. ಅಳು ಎಲ್ಲೋ ಬೇರೆ ವಿಳಾಸಕ್ಕೆ ಹೋಗಿರಬೇಕು ಎಂದುಕೊಳ್ಳುತ್ತಿದ್ದಳು.

ಅತ್ತೆ ಸೊಸೆ ಹೆಚ್ಚು ಮಾತಾಡುತ್ತಿರಲಿಲ್ಲ. ಜಗಳವೂ ಇರಲಿಲ್ಲ. ಅಂದು ರೊಟ್ಟಿ ಬಡಿಯುತ್ತ ಶಾಂತಾಬಾಯಿ, “ನಿಮ್ಮ ತವರಿಂದ ಫೋನ್ ಬಂದಿತ್ತು,” ಎಂದರು.

“ಏನಂತ?”

“ಎಷ್ಟು ದಿನ ಅಲ್ಲೇ ಇರ್ತಾಳ, ಕರಕೊಂಡು ಹೋಗ್ತೀವಿ ಅಂತ.”

“ನೀವೇನಂದ್ರಿ?”

“ಆಕಿ ಡ್ಯೂಟಿಗೆ ಹೋಗ್ಯಾಳ ಅಂದೆ.”

ಅಷ್ಟಕ್ಕೆ ಮುಗಿಯಿತು. ಬಡಿಯುವ ಸದ್ದು ಮತ್ತೆ ಶುರುವಾಯಿತು.

ಶುಕ್ರವಾರ ಕಸ್ತೂರಿ ಇಂಜೆಕ್ಷನ್ನಿಗೆ ಬಂದಿದ್ದಳು. ಜೊತೆಗೆ ತಾಯಿ ಗುರವ್ವ, ಮಡಿಲಲ್ಲಿ ಬಟ್ಟೆಯ ಗಂಟು. ಅದರೊಳಗೆ ಖಾನಾವಳಿಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ವಿನುತಾ ಹಾದುಹೋಗುವಾಗ ಗುರವ್ವ ಗಂಟನ್ನೇ ಅವಳ ಕೈಗಿಟ್ಟಳು.

“ತಿನ್ನವಾ. ಎಷ್ಟು ಬಡಕಾಗಿ ಅದೀ. ನಮ್ಮವನ್ನ ನೀನ ಕಾಯಾಕತ್ತೀಯಂತ. ಹೆಂಗದಾವು?”

“ಎರಡು ಚೊಲೊ ಬೆಳದಾವ್ರಿ. ನಾಳೆ ಮಧ್ಯಾಹ್ನ ಹಾಕ್ತೀವಿ.”

ಗುರವ್ವ ಎರಡೂ ಕೈ ಎತ್ತಿ ಗೋಡೆಗೆ ಮುಗಿದಳು. ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಕಸ್ತೂರಿ ಮಾತ್ರ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

“ಮೇಡಂ, ಒಂದು ಸುಳ್ಳು ಬರಸೀವ್ರಿ.”

“ಕಸ್ತೂರಿ, ಸುಮ್ನಿರು,” ಎಂದಳು ಗುರವ್ವ.

“ಇರವಾ. ಹೇಳದಿದ್ರ ನನಗ ನಿದ್ದಿ ಬರವಲ್ದು. ನಮ್ಮವ್ವನ ತಮ್ಮನ್ನೇ ನಾ ಲಗ್ನ ಆಗೀನ್ರಿ. ಮೊದಲಿನ ದವಾಖಾನ್ಯಾಗ ಖರೇ ಹೇಳಿದ್ದಕ್ಕ ಡಾಕ್ಟರು ಹಿಗ್ಗಾಮುಗ್ಗಾ ಬೈದ್ರು. ರಕ್ತದಾಗ ರಕ್ತ ಕೂಡಸೀರಿ, ಹುಟ್ಟಿದ್ರೂ ನೆಟ್ಟಗ ಹುಟ್ಟಾಂಗಿಲ್ಲ ಅಂದ್ರು. ಅದಕ್ಕ ಇಲ್ಲಿ ಸಂಬಂಧ ಇಲ್ಲಂತ ಬರಸಿದ್ವಿ. ಈಗ ಕೂಸು ಹಾಕೂ ಹೊತ್ತಿಗೆ ಎದಿ ಒಡದಂಗ ಆಗೈತಿ. ಏನೂ ಆಗಾಂಗಿಲ್ಲಲ್ರಿ?”

ಊರಲ್ಲಿಯೂ ಇದೇ ಮಾತು ಅವರ ಬೆನ್ನು ಹತ್ತಿತ್ತು. ಅಳಿಯ ಅಲ್ಲ ಮಗಳ ಗಂಡ ಅಂತಾರಲ್ಲ, ಗುರವ್ವ ಇನ್ನೂ ಮುಂದೆ ಹೋಗಿ ತಮ್ಮನನ್ನೇ ಅಳಿಯ ಮಾಡಿಕೊಂಡಾಳ, ಅದಕ್ಕೇ ತೊಟ್ಟಿಲು ತೂಗವಲ್ದು ಎಂದು ಓಣಿಯ ಹೆಂಗಸರು ನಗುತ್ತಿದ್ದರಂತೆ. ಹೇಳುತ್ತ ಕಸ್ತೂರಿ ತಾನೂ ನಕ್ಕಳು. ಗುರವ್ವ ನಗಲಿಲ್ಲ.

“ಅಪಾಯ ಎಲ್ಲಾರಿಗೂ ಇರತೈತ್ರಿ, ನಿಮಗ ಸ್ವಲ್ಪ ಹೆಚ್ಚು, ಅಷ್ಟ,” ಎಂದಳು ವಿನುತಾ. “ಆದ್ರ ಇದನ್ನ ಮೊದಲ ಹೇಳಬೇಕಿತ್ತು.”

ರೊಟ್ಟಿಯ ಗಂಟು ಹಿಡಿದು ಮೇಲೆ ಹೊರಟಳು. ಮೆಟ್ಟಿಲಿನ ತಿರುವಿನಲ್ಲಿ ಕಾಲು ನಿಂತಿತು.

ಸೋಮವಾರ ಇವರ ಸರದಿಯಲ್ಲಿ ಚಹಾ ಆಗಿರಲಿಲ್ಲ.

ಸೋದರಮಾವನ ಜೋಡಿಗೆ ಗಂಟೆ ತಪ್ಪಿದ್ದೇ ಇಲ್ಲ. ಸೋಮವಾರ ಬಾರಿಸದೇ ಇದ್ದದ್ದಕ್ಕೆ ಅರ್ಥ ಒಂದೇ: ತಟ್ಟೆಯಲ್ಲಿದ್ದ ಅಂಡಕ್ಕೂ ನಳಿಕೆಯಲ್ಲಿದ್ದ ವೀರ್ಯಕ್ಕೂ ಸಂಬಂಧವಿರಲಿಲ್ಲ. ನಳಿಕೆಯಲ್ಲಿದ್ದದ್ದು ಬಸಲಿಂಗನದಲ್ಲ.

ದಾದಾಪೀರ ಮೊದಲು ನಂಬಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತ.

“ಚಿಪ್ ಸರಿ ತೋರಸ್ತಲ್ರಿ ಅಕ್ಕಾರ. ಹಸಿರು ಬಂತಲ್ಲ.”

“ಚಿಪ್ ಹಚ್ಚಿದ ಮ್ಯಾಲಿಂದು ಚಿಪ್ಪಿಗೆ ಗೊತ್ತಿರತೈತಿ. ಹಚ್ಚೂಕಿಂತ ಮೊದಲಿಂದು ನಿನಗ ಗೊತ್ತಿರಬೇಕು, ದಾದಾಪೀರಣ್ಣ. ಆ ಮನುಷ್ಯಾನ ಎದುರಿಗೇ ಹಚ್ಚಿದ್ದೇನು?”

“ಇಬ್ಬರು ಒಮ್ಮೆಲೆ ಬಂದ್ರು. ಒಬ್ಬಂವ ಬಸ್ಸು ತಪ್ಪತೈತಿ ಅಂತ ಕುಣಿಯಾಕತ್ತಿದ್ದ. ಎರಡೂ ಡಬ್ಬಿ ಒಂದ ಟ್ರೇದಾಗ ತಂದು ಒಳಗ ಬಂದು ಹಚ್ಚಿದೆ. ಎಡಕ್ಕಿದ್ದದ್ದು ಬಸಲಿಂಗಂದು, ಬಲಕ್ಕ ಆ ಬಸ್ಸಿನಂವಂದು. ಹಂಗ ಅಂತ ನೆನಪೈತಿ.” ಮುಖ ಒರೆಸಿಕೊಂಡ. “ಇಲ್ರಿ ಅಕ್ಕಾರ. ಖರೇ ಹೇಳಬೇಕಂದ್ರ ನೆನಪಿಲ್ಲ. ದಿನಾ ಡಬ್ಬಿ, ದಿನಾ ಟ್ರೇ. ಯಾವ ದಿನ ಯಾವುದು ಅಂತ ನೆನಪಿಡಲಿ?”

ವಿನುತಾ ಅವನನ್ನು ಬೈಯಲಿಲ್ಲ. ಬೈಯಲು ಬೇಕಾದ ಕಾವು ಅವಳಲ್ಲಿರಲಿಲ್ಲ.

ಉಮಾ ಮೇಡಂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು. “ಹಸಿರು ಬಂದೈತಿ. ಕಾನೂನು ಕೇಳೂದು ಅಷ್ಟ. ಯಂತ್ರ ಬಾರಿಸಲಿಲ್ಲ ಅನ್ನೂದನ್ನ ತಪ್ಪು ಅಂತ ಯಾರೂ ಎಲ್ಲೂ ಬರದಿಲ್ಲ.”

“ಪರೀಕ್ಷಾ ಮಾಡಬಹುದಲ್ರಿ ಮೇಡಂ. ನಳಿಕ್ಯಾಗ ಉಳದದ್ದು ಶೀತದಾಗ ಐತಿ. ಬಸಲಿಂಗ ಅವರ ಬೆರಳಿಂದ ಒಂದು ಹನಿ ರಕ್ತ ಸಾಕು. ಎರಡನ್ನೂ ಮೇಜಿನ ಮ್ಯಾಲಿಟ್ರ, ಒಬ್ಬರದಾದ್ರ ಗಂಟಿ ನಿಲ್ಲದಂಗ ಬಾರಸತೈತಿ.”

“ಹನಿ ಯಾಕ ಅಂತ ಕೇಳ್ತಾನ. ಏನ್ ಹೇಳ್ತಿ? ನಿನ್ನ ಹೆಂಡತಿ ಹೊಟ್ಟಿಗೆ ಹಾಕೂದು ನಿಂದು ಹೌದೋ ಅಲ್ಲೋ ಗೊತ್ತಿಲ್ಲ ಅಂತ ಹೇಳ್ತೀ? ಆ ಮಾತು ಒಮ್ಮೆ ಬಾಯಿಂದ ಬಿತ್ತಂದ್ರ ತಿರುಗಿ ಒಳಗ ಹೋಗೂದಿಲ್ಲ, ವಿನುತಾ. ಪರೀಕ್ಷೆ ಸರಿ ಬಂದ್ರೂ ಅವನ ಮನಸಿನಾಗ ಉಳೀತೈತಿ.”

“ಹೇಳದಿದ್ರ ನನ್ನ ಮನಸಿನಾಗ ಉಳೀತೈತ್ರಿ.”

ಉಮಾ ಮೇಡಂ ಅವಳ ಮುಖ ನೋಡಿದರು. ಇಪ್ಪತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು, ಇಲ್ಲ ಎಂಬ ಸುದ್ದಿಯನ್ನೇ ಹೆಚ್ಚಾಗಿ ಹೇಳಿದವರು. “ನಾಳೆ ಮುಂಜಾನೆ ಹೇಳು. ನೀನ ಹೇಳು. ನಾ ಪಕ್ಕದಾಗ ನಿಂದರ್ತೀನಿ,” ಎಂದರು.

ಸಂಜೆ ಊಟಕ್ಕೆ ಕೂತಾಗ ವಿನುತಾ ಗುರವ್ವನ ರೊಟ್ಟಿಯ ಗಂಟು ಬಿಚ್ಚಿದಳು. ಶಾಂತಾಬಾಯಿ ಒಂದು ತುಂಡು ಮುರಿದು ಬೆಳಕಿಗೆ ಹಿಡಿದು, “ಕೈ ಚೊಲೊ ಐತಿ. ಯಾರು?” ಎಂದರು.

“ಒಬ್ಬ ಅವ್ವ. ಮಗಳನ್ನ ಕರಕೊಂಡು ಬಂದಾಳ.” ಸ್ವಲ್ಪ ತಡೆದು, “ಅತ್ತಿ, ಈಗ ನಾ ನಿಮಗ ಏನಾಗಬೇಕು?” ಎಂದಳು.

“ಏನಂದ್ರ?”

“ನಿಮ್ಮ ಮಗ ಇಲ್ಲ. ನಮ್ಮಿಬ್ಬರ ರಕ್ತ ಬ್ಯಾರೆ. ಮೇಜಿನ ಮ್ಯಾಲಿಟ್ರ ಯಾವ ಗಂಟೀನೂ ಬಾರಸೂದಿಲ್ಲ.”

ಶಾಂತಾಬಾಯಿ ರೊಟ್ಟಿ ನುರಿಸುತ್ತ ಕೂತರು. ಹಲ್ಲು ಸಡಿಲಾದ ಮೇಲೆ ಕಡಕ್ ರೊಟ್ಟಿಗೆ ಹೊತ್ತು ಹಿಡಿಯುತ್ತಿತ್ತು. “ಹುಚ್ಚಿ. ಪಲ್ಯಾಕ್ಕ ಉಪ್ಪು ಕಡಿಮಿ ಆಗೈತೇನ ನೋಡು,” ಎಂದರು. ವಿನುತಾ ನೋಡಿದಳು. ಕಡಿಮೆಯಾಗಿತ್ತು. ಎದ್ದು ಉಪ್ಪು ತಂದಳು.

ಮರುದಿನ ಮುಂಜಾನೆ ಮೂವರನ್ನೂ ಚಿಕ್ಕ ಕೋಣೆಯಲ್ಲಿ ಕೂಡಿಸಿ ವಿನುತಾ ಹೇಳಿದಳು. ಗಂಟೆ ಯಾಕೆ ಬಾರಿಸುತ್ತದೆ, ಇವರಿಗೆ ಯಾಕೆ ಬಾರಿಸಬೇಕಿತ್ತು, ಬಾರಿಸಲಿಲ್ಲ ಎಂದರೆ ಏನಾಗಿರಬಹುದು. ಉಮಾ ಮೇಡಂ ಹೇಳಿದಂತೆಯೇ ಪಕ್ಕದಲ್ಲಿ ನಿಂತಿದ್ದರು.

ಬಸಲಿಂಗ ದೊಡ್ಡ ಮೈಯ, ಮೆತ್ತನೆ ಮಾತಿನವ. ಅವನು ಎದ್ದು ನಿಂತಾಗ ಕುರ್ಚಿ ಹಿಂದಕ್ಕೆ ಬಿತ್ತು.

“ಅಂದ್ರ ಅವು ಬ್ಯಾರೆಯವನ ಪಿಂಡಾ ಅಂತೀರೇನ್ರಿ? ನಮ್ಮ ಖಾನಾವಳ್ಯಾಗ ಒಬ್ಬರ ತಾಟು ಇನ್ನೊಬ್ಬರಿಗೆ ಹೋದ್ರ ಗಿರಾಕಿ ಮಾರಿಮ್ಯಾಲೆ ಒಗೀತಾನ! ಇಷ್ಟು ಮಿಷನ್ ಇಟ್ಕೊಂಡು ನೀವು...”

“ಇನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳಾಕ ಒಂದು ಹನಿ ರಕ್ತ ಕೇಳಾಕತ್ತೀವಿ.”

“ಬ್ಯಾಡ,” ಎಂದಳು ಗುರವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

“ಪರೀಕ್ಷಾ ಗಿರೀಕ್ಷಾ ಬ್ಯಾಡ್ರಿ. ಯಾವುದೈತೋ ಅದನ್ನ ಹಾಕಿಬಿಡ್ರಿ. ಆಕಿ ಹಡದ ಮ್ಯಾಲೆ ಆಕೀದ.”

“ಅಕ್ಕಾ, ನಿನಗ ತಿಳಿಯೂದಿಲ್ಲ, ಸುಮ್ನ ಕೂಡು,” ಬಸಲಿಂಗ ಮೊದಲ ಸಲ ಅಕ್ಕನ ಮೇಲೆ ದನಿ ಏರಿಸಿದ.

ಕಸ್ತೂರಿ ಆಗಲೇ ತೋಳು ಮುಂದೆ ಚಾಚಿದ್ದಳು. “ನಂದೂ ತಗೋರಿ ಮೇಡಂ. ಅಂಡಾನೂ ನಂದು ಹೌದೋ ಅಲ್ಲೋ ನೋಡ್ರಿ. ಯಾರದನ್ನ ಹೊರ್ತೀನಿ ಅಂತ ನನಗ ಗೊತ್ತಾಗಬೇಕು. ತಿಳೀದ ಹೊರಾಂಗಿಲ್ಲ ನಾ.”

ಪರೀಕ್ಷೆ ದೊಡ್ಡದೇನೂ ಅಲ್ಲ. ಬಸಲಿಂಗನ ರಕ್ತದ ಹನಿ, ಪಕ್ಕದಲ್ಲಿ ಶೀತದಿಂದ ತೆಗೆದ ನಳಿಕೆಯ ಹನಿ. ವಿನುತಾ ಕೈ ಹಿಂದಕ್ಕೆ ತೆಗೆದುಕೊಂಡಳು. ದಾದಾಪೀರ ಗೋಡೆಗೆ ಆತುಕೊಂಡು ಕಣ್ಣು ಮುಚ್ಚಿದ್ದ, ತುಟಿ ಅಲುಗುತ್ತಿದ್ದವು.

ಗಂಟೆ ಬಾರಿಸಿತು. ಮಾವನಿಗೆ ಬಾರಿಸುವಂತೆ ಒಮ್ಮೆ ಬಾರಿಸಿ ನಿಲ್ಲಲಿಲ್ಲ, ಬಾರಿಸುತ್ತಲೇ ಇತ್ತು. ಎರಡೂ ಒಬ್ಬನದೇ.

ದಾದಾಪೀರ ಕೆಳಗೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಎಡಕ್ಕಿದ್ದದ್ದ ಬಸಲಿಂಗಂದು. ಹೇಳಿದ್ನಲ್ರಿ ಅಕ್ಕಾರ, ಎಡಕ್ಕ.”

ಮೇಜು ಒರೆಸಿ, ಕಸ್ತೂರಿಯ ರಕ್ತದ ಹನಿಯನ್ನೂ ಸೋಮವಾರ ಅಂಡದ ಜೊತೆ ಬಂದು ಶೀತದಲ್ಲಿ ಉಳಿದಿದ್ದ ದ್ರವವನ್ನೂ ಇಟ್ಟಳು. ಮತ್ತೆ ಅದೇ ಗಂಟೆ, ಅದೇ ನಿಲ್ಲದ ಸದ್ದು. ಅಂಡವೂ ಅವಳದೇ.

“ಎಲ್ಲಾ ಸರಿ ಐತಿ! ಕೆಟಲ್ ಹಚ್ಚತೀನಿ ತಡೀರಿ!” ದಾದಾಪೀರ ಎದ್ದು ಓಡಿದ.

ವಿನುತಾ ನಿಂತಲ್ಲೇ ನಿಂತಳು. ಇಬ್ಬರ ರಕ್ತದ ಹನಿಗಳು ಇನ್ನೂ ಉಳಿದಿದ್ದವು. ಎರಡನ್ನೂ ಅಕ್ಕಪಕ್ಕ ಇಡಬೇಕಾದ ಅಗತ್ಯವಿರಲಿಲ್ಲ. ಸೋಮವಾರವೇ ಮೇಜು ಅದನ್ನು ಹೇಳಿ ಮುಗಿಸಿತ್ತು. ಪ್ರಯೋಗಾಲಯದಲ್ಲಿ ಏನೂ ಅದಲುಬದಲಾಗಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಬಸಲಿಂಗ ಕಸ್ತೂರಿಗೆ ರಕ್ತದಿಂದ ಏನೂ ಆಗಬೇಕಾದವನಾಗಿರಲಿಲ್ಲ, ಅಷ್ಟೇ.

ಗಾಜಿನ ಬಾಗಿಲಾಚೆ ಗುರವ್ವ ನಿಂತಿದ್ದಳು. ಯಾರೂ ಕರೆಯದೆ ಮೆಟ್ಟಿಲು ಹತ್ತಿ ಬಂದಿದ್ದಳು.

ವಿನುತಾ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

“ನೀನು ಓದಿದಾಕಿ, ನಿನಗ ಗೊತ್ತಾಗೇ ಆಗತೈತಿ ಅಂತ ತಿಳದಿತ್ತು,” ಎಂದಳು ಗುರವ್ವ. ದನಿಯಲ್ಲಿ ಗಾಬರಿ ಇರಲಿಲ್ಲ. ಬಹಳ ದೂರ ಹೊತ್ತ ಮೂಟೆಯನ್ನು ಇಳಿಸಲೂ ಕೈ ಬಾರದವಳಂತೆ ಇದ್ದಳು. “ನಂದು ಸತ್ತು ಹುಟ್ಟಿತ್ತವಾ. ಪಕ್ಕದ ಹಾಸಿಗ್ಯಾಗ ಒಬ್ಬ ಹುಡುಗಿ, ದುಡಿಯಾಕ ಅಂತ ಎಲ್ಲಿಂದಲೋ ಬಂದಾಕಿ, ಹಡದು ಕಣ್ಣು ಮುಚ್ಚಿದ್ಲು. ಯಾರೂ ಬರಲಿಲ್ಲ. ನರ್ಸಬಾಯಿ ಆ ಕೂಸನ್ನ ತಂದು ನನ್ನ ಮಗ್ಗಲಿಗೆ ಹಾಕಿ, ನಿನ್ನ ಹಾಲು ಯಾಕ ಹಾಳಾಗಬೇಕು ಅಂದ್ಲು. ಗಂಡಗ ಹೇಳಲಿಲ್ಲ. ತವರಿಗೆ ಹೇಳಲಿಲ್ಲ. ಕೂಸು ಅದಲಬದಲ ಆಗಿದ್ದಲ್ಲ. ಗೊತ್ತಿದ್ದೇ ತಗೊಂಡ್ನಿ.”

“ಮತ್ತ ತಮ್ಮಗ ಯಾಕ ಕೊಟ್ರಿ?”

“ಹೊರಗ ಕೊಟ್ಟಿದ್ರ ಒಂದಿಲ್ಲೊಂದಿನ ಯಾರಾರ ಅಂದಾರು, ಯಾರದೋ ಏನೋ ಅಂತ. ಅಂದ ದಿನ ಆಕಿನ್ನ ಹೊರಗ ಹಾಕ್ತಾರ. ನನ್ನ ತಮ್ಮ ಹಾಕಾಂಗಿಲ್ಲ. ರಕ್ತ ಇರಲಿಲ್ಲ, ಅದಕ್ಕ ಗಟ್ಟಿ ಗಂಟು ಹಾಕಿದೆ.”

ಒಂಬತ್ತು ವರ್ಷ ಊರು ಅಂದದ್ದನ್ನು ವಿನುತಾ ನೆನೆದಳು. ಡಾಕ್ಟರು ಬೈದದ್ದು, ಓಣಿ ನಕ್ಕದ್ದು. ಒಂದೇ ಒಂದು ಮಾತಿನಲ್ಲಿ ಈ ಹೆಂಗಸು ಎಲ್ಲರ ಬಾಯಿ ಮುಚ್ಚಿಸಬಹುದಿತ್ತು. ಆ ಮಾತನ್ನು ನುಂಗಿಕೊಂಡು ಬೈಗುಳ ತಿಂದಿದ್ದಳು.

“ಗಂಟಿ ಕೆಟ್ಟಿತ್ತು ಅಂತ ಹೇಳವಾ. ನಿನ್ನ ಕಾಲಿಗೆ ಬೀಳ್ತೀನಿ. ಮಿಷನ್ ಕೆಡ್ತಾವಲ್ಲ.”

ಹೇಳಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ, ದಾದಾಪೀರ ಚಹಾ ಕುದಿಸುತ್ತಿದ್ದ, ಬಸಲಿಂಗ ನಂಬುತ್ತಿದ್ದ. ಆದರೆ ಗಂಟೆ ಕೆಟ್ಟಿತ್ತೆಂದು ಒಮ್ಮೆ ಹೇಳಿದರೆ, ಮುಂದೆ ನಿಜವಾಗಿ ಬದಲಾದ ದಿನವೂ ಅದು ಕೆಟ್ಟ ಗಂಟೆಯೇ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ ವಿನುತಾಳಿಗೆ ಒಂದು ಚೀಟಿ ನೆನಪಾಯಿತು, ತಣ್ಣಗಿನ ಕಾಲ್ಬೆರಳಿಗೆ ಕಟ್ಟಿದ್ದು. ತಪ್ಪು ಹೆಸರನ್ನು ತಾನು ಹಾಗೆಯೇ ಬಿಟ್ಟಿದ್ದರೆ ಇನ್ನೊಂದಿಷ್ಟು ಹೊತ್ತು ಅವನು ಸತ್ತಿರುತ್ತಿರಲಿಲ್ಲ. ಬಿಡಲಾಗಿರಲಿಲ್ಲ.

“ನಾ ಸುಳ್ಳು ಹೇಳಾಂಗಿಲ್ರಿ ಅವ್ವಾರ,” ಎಂದಳು. “ಖರೇನೂ ನಾ ಹೇಳಾಂಗಿಲ್ಲ. ಅದು ನಿಮ್ಮದು, ನೀವ ಹೇಳಬೇಕು. ಒಂದು ಮಾತು ಕೇಳ್ರಿ. ರಕ್ತದಾಗ ರಕ್ತ ಕೂಡಿ ಕೂಸಿಗೆ ಏನಾಗತೈತೋ ಅಂತ ಆಕಿ ನಿದ್ದಿಗೆಟ್ಟಾಳ. ಆ ಹೆದರಿಕಿಗೆ ಔಷಧ ನಮ್ಮ ಕಡೆ ಇಲ್ಲ. ನಿಮ್ಮ ಕಡೆ ಐತಿ.”

ಗುರವ್ವ ತುಟಿ ಬಿಗಿಹಿಡಿದಳು. “ಆಮ್ಯಾಲೆ ನನ್ನ ಅವ್ವಾ ಅಂತಾಳೇನು?”

ವಿನುತಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು.

ಕೆಳಗಿನ ಕೋಣೆಯಲ್ಲಿ ಮಾತು ಬೇಗ ಮುಗಿಯಿತು. ವೀರ್ಯ ಬಸಲಿಂಗನದೇ, ಅಂಡ ಕಸ್ತೂರಿಯದೇ, ಭ್ರೂಣಗಳು ನಿಮ್ಮಿಬ್ಬರವೇ. ಬಸಲಿಂಗ ಮುಂಗೈಯಿಂದ ಕಣ್ಣೊರೆಸಿಕೊಂಡು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

“ಮತ್ತ ಗಂಟಿ ಯಾಕ ಬಾರಸಲಿಲ್ರಿ?” ಕಸ್ತೂರಿ ಕೇಳಿದಳು.

“ಅದನ್ನ ನಿಮ್ಮವ್ವ ಹೇಳ್ತಾರ,” ಎಂದು ವಿನುತಾ ಹೊರಬಂದು ಬಾಗಿಲು ಮುಚ್ಚಿದಳು. ಕಿವಿಗೊಟ್ಟು ನಿಲ್ಲಲಿಲ್ಲ.

ಮೇಲೆ ದಾದಾಪೀರ ಚಹಾ ಮಾಡಿಟ್ಟಿದ್ದ. “ಗಂಟಿ ಯಾಕ ತಪ್ಪಿತ್ರಿ ಹಂಗಾದ್ರ?” ಎಂದು ಕೇಳಿದ. ವಿನುತಾ ಕಪ್ಪು ಕೈಗೆತ್ತಿಕೊಂಡಳು. ಅವನು ಒಮ್ಮೆ ಅವಳ ಮುಖ ನೋಡಿ, ಇನ್ನೊಮ್ಮೆ ಕೇಳಲಿಲ್ಲ. “ಸೋಮವಾರದಿಂದ ಎದುರಿಗೇ ಹಚ್ಚತೀನ್ರಿ ಚಿಪ್. ಬಸ್ಸು ತಪ್ಪಿದ್ರ ತಪ್ಪಲಿ,” ಎಂದ. ಅವಳು ಕಪ್ಪು ಹಿಡಿದು ಕೂತಳು. ಕೆಳಗಿನಿಂದ ಕೂಗಾಟ ಕೇಳಿಸಬಹುದೆಂದುಕೊಂಡಿದ್ದಳು. ಏನೂ ಕೇಳಿಸಲಿಲ್ಲ. ಚಹಾ ಕೆನೆಗಟ್ಟಿತು.

ಮಧ್ಯಾಹ್ನ ನರ್ಸು ಕರೆದಳು. ಶಸ್ತ್ರಕೊಠಡಿಯಲ್ಲಿ ಕಸ್ತೂರಿ ಮಲಗಿದ್ದಳು. ಕಣ್ಣು ಊದಿದ್ದವು, ಮುಖದಲ್ಲಿ ಬೇರೆ ಏನೂ ಓದಲು ಬರುತ್ತಿರಲಿಲ್ಲ. ಅವಳ ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಆಚೆಯ ಬೆಂಚಿನ ಮೇಲೆ ಬಸಲಿಂಗ ಕೂತಿದ್ದ, ಅವನಿಂದ ತುಸು ದೂರದಲ್ಲಿ ಗುರವ್ವ, ತೊಡೆಯ ಮೇಲೆ ಖಾಲಿ ಕೈ.

ವಿನುತಾ ತಟ್ಟೆಯನ್ನು ಕಿಟಕಿಗೆ ತಂದಳು. ಎರಡು ಭ್ರೂಣ. ಚಿಪ್ ಹಸಿರಾಗಿತ್ತು. ಇನ್ನು ಉಳಿದದ್ದು ಹಳೆಯ ಪದ್ಧತಿ.

“ಹೆಸರು ಹೇಳ್ರಿ.”

“ಕಸ್ತೂರಿ.”

“ಗಂಡನ ಹೆಸರು?”

“ಬಸಲಿಂಗ.” ಈ ಸಲ ಅವಳು ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ.

“ತಾಯಿ ಹೆಸರು?”

ಕಸ್ತೂರಿಯ ಕಣ್ಣು ಮೇಲಕ್ಕೆ ಹೋಯಿತು. ನರ್ಸು ಉಮಾ ಮೇಡಂ ಕಡೆ ನೋಡಿದಳು, ಉಮಾ ಮೇಡಂ ವಿನುತಾಳ ಕಡೆ. ವಿನುತಾ ಮತ್ತೊಮ್ಮೆ ಕೇಳಲಿಲ್ಲ. ತಟ್ಟೆ ತಣ್ಣಗಾಗುತ್ತದೆ, ಹೆಚ್ಚು ಹೊತ್ತು ಹಿಡಿದು ನಿಲ್ಲುವಂತಿಲ್ಲ. ಆದರೂ ನಿಂತಳು. ಬೆಂಚಿನ ಮೇಲೆ ಗುರವ್ವ ತಲೆ ಎತ್ತಲಿಲ್ಲ.

“ಹೆಸರಿಲ್ಲದ ಒಬ್ಬಾಕಿ,” ಎಂದಳು ಕಸ್ತೂರಿ, ಛಾವಣಿ ನೋಡುತ್ತ, ಬಹಳ ಮೆಲ್ಲಗೆ. ಆಮೇಲೆ ಬಾಗಿಲಾಚೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಬರ್‍ಕೋರಿ ಮೇಡಂ. ಗುರವ್ವ.”

“ಸರಿ ಐತ್ರಿ,” ಎಂದಳು ವಿನುತಾ. ದನಿ ತನ್ನದಲ್ಲವೆನಿಸಿತು. ಕೆನ್ನೆಯ ಮೇಲೆ ಏನೋ ಬೆಚ್ಚಗೆ ಇಳಿದು ಮಾಸ್ಕಿನೊಳಗೆ ಹೋಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ತಟ್ಟೆಯನ್ನು ಕಿಟಕಿಯಾಚೆ ಚಾಚಿದ ಕೈಗಳಿಗೆ ಒಪ್ಪಿಸಿದಳು.